ಪರಸಿ ಮನೆಯಲ್ಲಿ ಸಿನಿಮಾ ತೆಗೆಯುವವರಿಗೆ

ನಮ್ಮ ಆಯಿ ರೊಟ್ಟಿ ಬಡಿಯುವುದನ್ನು ಚಿತ್ರ ಮಾಡಬೇಕು ಅಂತ ಎರಡು ವರ್ಷದಿಂದ ಆಸೆ ಇತ್ತು. ಹೋದ ಬೇಸಿಗೆಯಲ್ಲಿ ಕಲಬುರಗಿಯ ಬ್ರಹ್ಮಪುರದ ಹಳೇ ಮನೆಯಲ್ಲಿ ಫೋನ್ ಹಿಡಿದು ಶುರು ಮಾಡಿದೆ. ಮೊದಲ ದಿನದ ಶಾಟ್‌ಗಳು ಕಣ್ಣಿಗೆ ಚೆಂದ ಇದ್ದವು. ಹಂಚಿನ ಮೇಲೆ ರೊಟ್ಟಿ ಉಬ್ಬುವುದು, ಆಯಿಯ ಹಸಿರು ಬಳೆ, ಕಿಟಕಿ ಬೆಳಕಲ್ಲಿ ಏಳುವ ಹೊಗೆ, ಎಲ್ಲ ಇತ್ತು. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿದಾಗ ಎದೆ ಧಸಕ್ ಅಂದಿತು. ಆಯಿ ಬಾವಿಯೊಳಗೆ ಕೂತು ಮಾತಾಡಿದ ಹಾಗಿತ್ತು. ರೊಟ್ಟಿ ಬಡಿಯುವ ಸದ್ದಂತೂ ಯಾರೋ ದೂರದಲ್ಲಿ ಬಾಗಿಲು ಬಡಿದಂತೆ.

ಅಂದಿನಿಂದ ಚಿತ್ರ ಮಾಡುವ ಗೆಳೆಯರಿಗೆಲ್ಲ ನಾನು ಹೇಳುವುದು ಇದೇ: ಕ್ಯಾಮೆರಾಗೆ ದುಡ್ಡು ಹಾಕುವ ಮೊದಲು ಮನೆಯಲ್ಲಿ ಎಷ್ಟು ಕೌದಿ (ಹಳೇ ಬಟ್ಟೆ ಹೊಲಿದ ಹೊದಿಕೆ) ಇವೆ ನೋಡಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ನಮ್ಮ ಕಡೆ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಪರಸಿ ಕಲ್ಲು, ಗೋಡೆಗೆ ಗಟ್ಟಿ ಗಿಲಾವು, ಮೇಲೆ ಸ್ಲ್ಯಾಬ್. ಆರೂ ಕಡೆ ಕಲ್ಲು ಅಂದರೂ ಸರಿ. ಬಾಯಿಂದ ಹೊರಟ ಸದ್ದು ನೇರವಾಗಿ ಮೈಕಿಗೆ ಬರುತ್ತದೆ. ಅದೇ ಸದ್ದು ನೆಲಕ್ಕೆ, ಗೋಡೆಗೆ, ಮಾಳಿಗೆಗೆ ಬಡಿದು ಸ್ವಲ್ಪ ತಡವಾಗಿ ಮತ್ತೆ ಮತ್ತೆ ಬರುತ್ತದೆ. ಎದುರಿಗೆ ಕೂತು ಕೇಳುವಾಗ ನಮ್ಮ ಎರಡು ಕಿವಿ ಮತ್ತು ಮಿದುಳು ಸೇರಿ ಆ ಗದ್ದಲವನ್ನು ಬದಿಗೆ ಸರಿಸುತ್ತವೆ. ಫೋನಿನ ಮೈಕಿಗೆ ಆ ಬುದ್ಧಿ ಇಲ್ಲ. ಬಂದದ್ದನ್ನೆಲ್ಲ ತುಂಬಿಕೊಳ್ಳುತ್ತದೆ.

ಮೊದಲು ಕೋಣೆಯ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಟಣ್ ಅಂತ ಬಾಲ ಎಳೆದರೆ ಆ ಕೋಣೆಗೆ ಬಟ್ಟೆ ಬೇಕು ಅಂತ ಅರ್ಥ. ಕೌದಿ ಇದಕ್ಕೆ ಹೇಳಿ ಮಾಡಿಸಿದ ವಸ್ತು. ಹಳೇ ಸೀರೆಗಳ ಪದರದ ಮೇಲೆ ಪದರ, ನಡುವೆ ಸಣ್ಣ ಸಣ್ಣ ಗಾಳಿಯ ಜಾಗ. ಒಳಗೆ ಹೊಕ್ಕ ಸದ್ದು ಎಳೆಗಳ ನಡುವೆ ತಿಕ್ಕಿ ತಿಕ್ಕಿ ಶಾಖವಾಗಿ ಕರಗುತ್ತದೆ. ಗೋಡೆಗೆ ಅಂಟಿಸಿದ ಹಾಗೆ ತೂಗಬೇಡಿ. ಹಗ್ಗ ಕಟ್ಟಿ ಗೋಡೆಯಿಂದ ಒಂದು ಗೇಣು ಮುಂದೆ ಇಳಿಬಿಡಿ, ಇನ್ನೂ ಚೆನ್ನಾಗಿ ಹೀರುತ್ತದೆ. ನಾವು ನಾಲ್ಕು ಕೌದಿ ಹಾಕಿದೆವು. ಎರಡು ಆಯಿಯ ಎದುರಿನ ಗೋಡೆಗೆ, ಒಂದು ಕ್ಯಾಮೆರಾ ಕಾಲಡಿಯ ಪರಸಿಗೆ, ಒಂದು ಬಾಗಿಲಿಗೆ. ಫ್ರೇಮಿನಲ್ಲಿ ಒಂದೂ ಕಾಣುವುದಿಲ್ಲ. ಮತ್ತೆ ಚಪ್ಪಾಳೆ ತಟ್ಟಿದಾಗ ಬರೀ 'ತಪ್' ಅಂತ ಬಂತು. ಆಗ ಆದ ಖುಷಿ ಈಗಲೂ ನೆನಪಿದೆ.

ಇನ್ನು ಮೈಕು. ದುಬಾರಿ ಮೈಕ್ ಇಲ್ಲವೆಂದು ಕೊರಗಬೇಡಿ, ಹತ್ತಿರ ತನ್ನಿ. ಬಾಯಿಗೂ ಮೈಕಿಗೂ ಎರಡು ಅಡಿ ಇದ್ದದ್ದು ಒಂದು ಅಡಿ ಆದರೆ ನೇರ ಸದ್ದು ಸುಮಾರು 6 ಡೆಸಿಬೆಲ್ ಜಾಸ್ತಿ ಆಗುತ್ತದೆ. ಗೋಡೆಯಿಂದ ಬರುವ ಸದ್ದು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹೀಗೆ ಬರೀ ಜಾಗ ಬದಲಿಸಿದ್ದಕ್ಕೇ ಮಾತು ಮೇಲೇಳುತ್ತದೆ. ನಾನು ಸದ್ದಿಗೆಂದೇ ಇನ್ನೊಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಯಿಯ ಮಂಡಿ ಪಕ್ಕದ ಹಿಟ್ಟಿನ ಡಬ್ಬಿಯ ಹಿಂದೆ ಒಂದು ಮಡಿಸಿದ ಟವೆಲ್ ಮೇಲೆ ಇಟ್ಟೆ. ಟವೆಲ್ ಮರೆಯಬೇಡಿ. ಇಲ್ಲದಿದ್ದರೆ ರೊಟ್ಟಿಯ ಏಟು ನೆಲದಿಂದಲೇ ಫೋನಿಗೆ ಗುದ್ದುತ್ತದೆ. ರೆಕಾರ್ಡರ್ ಆ್ಯಪಿನಲ್ಲಿ 48 ಕಿಲೋಹರ್ಟ್ಸ್, ವೇವ್ (WAV) ಫೈಲ್ ಆರಿಸಿಕೊಳ್ಳಿ.

ಪ್ರತಿ ಶಾಟಿಗೂ ಮುಂಚೆ ಎರಡೂ ಫೋನಿಗೆ ಕಾಣುವ ಹಾಗೆ, ಕೇಳುವ ಹಾಗೆ ಒಂದು ಚಪ್ಪಾಳೆ. ಎಡಿಟಿಂಗಿನಲ್ಲಿ ಕೈ ಕೂಡಿದ ಫ್ರೇಮಿಗೂ (ವಿಡಿಯೋದ ಒಂದು ಬಿಡಿ ಚಿತ್ರ) ಸದ್ದಿನ ಗೆರೆಯ ಮೊನೆಗೂ ಗಂಟು ಹಾಕಿದರೆ ಆಯಿತು. ಚಪ್ಪಾಳೆಯನ್ನು ಮೈಕಿನ ಹತ್ತಿರ ನಿಂತೇ ತಟ್ಟಿ. ಸದ್ದು ಒಂದು ಸೆಕೆಂಡಿಗೆ ಓಡುವುದು ಸುಮಾರು 343 ಮೀಟರ್. ಸೆಕೆಂಡಿಗೆ 25 ಫ್ರೇಮ್ ತೆಗೆದರೆ, 14 ಮೀಟರ್ ದೂರದ ಚಪ್ಪಾಳೆ ಒಂದು ಪೂರ್ತಿ ಫ್ರೇಮ್ ತಡವಾಗಿ ಬಂದಿರುತ್ತದೆ. ಅಂಗಳದ ಆ ತುದಿಯಿಂದ ತಟ್ಟಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಶಾಟ್‌ಗಳನ್ನೂ ಚಿಕ್ಕದಾಗಿಯೇ ಇಟ್ಟುಕೊಳ್ಳಿ. ಫೋನಿನ ಸ್ವಂತ ಕ್ಯಾಮೆರಾ ಆ್ಯಪ್ ಫ್ರೇಮಿನ ವೇಗವನ್ನು ಆಗಾಗ ಒಂಚೂರು ಏರಿಳಿಸುತ್ತದೆ, ಉದ್ದ ಶಾಟಿನಲ್ಲಿ ಮಾತು ನಿಧಾನಕ್ಕೆ ಜಾರುತ್ತದೆ.

ಕೂಲರ್ ಬಂದ್ ಮಾಡಲೇಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಇದು ಸಣ್ಣ ಮಾತಲ್ಲ ಅಂತ ಗೊತ್ತು. ಅದಕ್ಕೇ ನಾವು ಬೆಳಿಗ್ಗೆ ಐದೂವರೆಗೆ ಶುರು ಮಾಡಿದ್ದು. ಫ್ರಿಜ್ಜೂ ಬಂದ್. ಮತ್ತೆ ಚಾಲೂ ಮಾಡುವುದು ಮರೆಯಬಾರದಲ್ವಾ, ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟುಬಿಡಿ. ಕೀಲಿ ಇಲ್ಲದೆ ಎಲ್ಲಿಗೂ ಹೋಗಲಾಗುವುದಿಲ್ಲ. ಕರೆಂಟ್ ಹೋದರೆ ಬೇಸರ ಪಡಬೇಡಿ. ಓಣಿಯ ಅಷ್ಟೂ ಫ್ಯಾನು, ಮೋಟರು, ಟಿವಿ ಒಮ್ಮೆಲೇ ಸುಮ್ಮನಾಗುವ ಗಳಿಗೆ ಅದು. ಆಗ ಎಲ್ಲರನ್ನೂ ಸುಮ್ನೆ ಕೂರಿಸಿ ಖಾಲಿ ಕೋಣೆಯ ಸದ್ದನ್ನು 30 ಸೆಕೆಂಡ್ ತುಂಬಿಕೊಳ್ಳಿ. ಎರಡು ಶಾಟ್ ನಡುವಿನ ಸಂದಿ ಮುಚ್ಚಲು ಅದಕ್ಕಿಂತ ಒಳ್ಳೆಯದು ಇಲ್ಲ.

ಬೆಳಕಿನ ವಿಷಯಕ್ಕೆ ಬರೋಣ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುವುದನ್ನು ನೀವೂ ನೋಡಿರುತ್ತೀರಿ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಹಳೇ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, ಸೆಕೆಂಡಿನ 1/60 ಇದ್ದರೆ ಅದರೊಳಗೆ ಮಿನುಗು ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ, ಒಂದು ಸಾಲಿಗೆ ಜಾಸ್ತಿ ಬೆಳಕು, ಇನ್ನೊಂದಕ್ಕೆ ಕಡಿಮೆ. 1/50 ಇಟ್ಟರೆ ಎರಡು ಮಿನುಗು, 1/100 ಇಟ್ಟರೆ ಒಂದು, ಸರಿಯಾಗಿ ಹಿಡಿಸುತ್ತವೆ. ಪಟ್ಟೆ ಮಾಯ. ಓಪನ್ ಕ್ಯಾಮೆರಾ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎರಡೂ ಪುಕ್ಕಟೆ ಆ್ಯಪ್‌ಗಳು. ನಿಮ್ಮ ಫೋನಿಗೆ ಹೊಂದುವುದನ್ನು ಹಾಕಿಕೊಂಡು ಶಟರನ್ನು ಕೈಯಿಂದಲೇ ಇಡಿ.

25 ಫ್ರೇಮಿಗೆ 1/50 ಇಡುವುದರಲ್ಲಿ ಇನ್ನೊಂದು ಸೊಗಸಿದೆ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ವೇಗ ಒಂದೇ ಸಮ ಇರುತ್ತಿರಲಿಲ್ಲ. 1920ರ ದಶಕದ ಕೊನೆಗೆ ಮಾತು ಬಂದಾಗ ಸೆಕೆಂಡಿಗೆ 24 ಫ್ರೇಮ್ ಅಂತ ಗಟ್ಟಿಯಾಯಿತು. ಅರ್ಧ ವೃತ್ತದ ಶಟರ್ ತಿರುಗುತ್ತಾ ಪ್ರತಿ ಫ್ರೇಮಿಗೂ ಅದರ ಅರ್ಧ ಹೊತ್ತು ಬೆಳಕು ಬಿಡುತ್ತಿತ್ತು. ಆ ಅರ್ಧ ಹೊತ್ತಿನ ಮಸುಕಿಗೆ ನಮ್ಮ ಕಣ್ಣು ಪಳಗಿದೆ. ರೊಟ್ಟಿ ಬಡಿಯುವ ಕೈಯನ್ನು 1/1000ರಲ್ಲಿ ತೆಗೆದು ನೋಡಿ, ಕೈ ತುಂಡು ತುಂಡಾಗಿ ಕುಣಿಯುತ್ತದೆ. 1/50ರಲ್ಲಿ ಅದೇ ಕೈ ನೀರಿನಂತೆ ಹರಿಯುತ್ತದೆ. ಹೊರಗಿನ ಬಿಸಿಲಲ್ಲಿ 1/50 ಇಟ್ಟರೆ ಎಲ್ಲ ಬೆಳ್ಳಗಾಗುತ್ತದೆ. ಅಲ್ಲಿ ಎನ್‌ಡಿ ಫಿಲ್ಟರ್ ಬೇಕು. ಫೋನಿಗೆ ಕ್ಲಿಪ್ ಹಾಕುವ ಕಪ್ಪು ಗಾಜು, ಅಷ್ಟೇ.

ಹೊರಗೆ ತೆಗೆಯುವುದಾದರೆ ಹೊತ್ತು ನೋಡಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೇ ವಾರದ ಆಸುಪಾಸು ನಡುಹಗಲಲ್ಲಿ ಸೂರ್ಯ ನೆತ್ತಿಗೆ ನೇರ ಬರುತ್ತಾನೆ, ಕಂಬದ ನೆರಳು ಕಂಬದ ಬುಡಕ್ಕೇ ಬೀಳುತ್ತದೆ. ಅಂಥ ಹೊತ್ತಲ್ಲಿ ಮನುಷ್ಯರ ಮುಖ ತೆಗೆದರೆ ಹಣೆ ಹೊಳೆಯುತ್ತದೆ, ಕಣ್ಣು ಎರಡು ಕಪ್ಪು ಕುಳಿ. ಎಂಟೂವರೆ ಒಳಗೆ ಮುಗಿಸಿ, ಇಲ್ಲ ಐದರ ಮೇಲೆ ತೆಗೆಯಿರಿ. ನಡುವೆ ಮನೆಯೊಳಗಿನ ಕೆಲಸ ಮಾಡಿ. ಕಿಟಕಿಗೆ ತೆಳು ಬಿಳಿ ಧೋತರ ಕಟ್ಟಿ, ಎದುರಿಗೆ ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಮುಖದ ಎರಡೂ ಕಡೆ ಬೆಳಕು.

ಫೋನ್ ಬಿಸಿಯಾಗಿ ರೆಕಾರ್ಡಿಂಗ್ ತಾನೇ ನಿಲ್ಲುವುದು ನಮ್ಮೂರಲ್ಲಿ ಮಾಮೂಲು. ಚಾರ್ಜಿಗೆ ಹಾಕಿಕೊಂಡೇ ತೆಗೆಯಬೇಡಿ. ಕವರ್ ತೆಗೆದುಬಿಡಿ. ಶಾಟ್ ನಡುವೆ ನೆರಳಲ್ಲಿ, ಫ್ಯಾನ್ ಗಾಳಿಗೆ ಇಡಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಹೊರಗೆ ತೆಗೆದಾಗ ಒಳಗೂ ಹೊರಗೂ ನೀರಿನ ಹನಿ ಕೂರುತ್ತದೆ.

ಕಲಬುರಗಿ ಕೋಟೆಯಲ್ಲಿ ಒಂದು ಶಾಟ್ ಬೇಕು ಅನ್ನುವವರು ಬಹಳ. ಸ್ಟ್ಯಾಂಡ್ ನಿಲ್ಲಿಸಿ ಸಿನಿಮಾ ಚಿತ್ರೀಕರಣ ಮಾಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಅಲ್ಲಿನ ಜಾಮಾ ಮಸೀದಿಗೆ, ಬೇರೆ ಕಡೆಯ ಹಾಗೆ ತೆರೆದ ಅಂಗಳ ಇಲ್ಲದೆ, ಪೂರ್ತಿ ಮೇಲೆ ಗುಮ್ಮಟಗಳ ಹೊದಿಕೆ. ಒಳಗೆ ಹೋದರೆ ನಿಮ್ಮ ಹೆಜ್ಜೆ ಸದ್ದನ್ನೇ ಕೇಳಿಸಿಕೊಳ್ಳಿ. ಕೌದಿಯ ಪಾಠ ಅಲ್ಲಿ ಚೆನ್ನಾಗಿ ತಲೆಗೆ ಹತ್ತುತ್ತದೆ.

ನಟನೆ ಗೊತ್ತಿಲ್ಲದ ಮನೆಮಂದಿಯಿಂದ ನಟನೆ ಮಾಡಿಸಬೇಡಿ. ಸುಮಾರು 100 ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ನಿರ್ದೇಶಕ ಒಬ್ಬ ನಟನ ಭಾವವಿಲ್ಲದ ಒಂದೇ ಮುಖದ ಜೊತೆ ಬೇರೆ ಬೇರೆ ಚಿತ್ರಗಳನ್ನು ಜೋಡಿಸಿ ತೋರಿಸಿದ. ಊಟದ ಬಟ್ಟಲಿನ ಪಕ್ಕದಲ್ಲಿ ಆ ಮುಖ ಹಸಿದಂತೆ, ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖದಲ್ಲಿ ಇದ್ದಂತೆ ಕಂಡಿತು. ನಾನು ಆಯಿಗೆ ಹೇಳಿದ್ದು ಒಂದೇ: 'ಬಾಗಿಲ ಕಡೆ ನೋಡು.' ಆಮೇಲೆ ಆ ನೋಟದ ಮುಂದೆ, ಬಾಗಿಲ ಬಳಿ ಖಾಲಿ ಬಿದ್ದಿದ್ದ ನಮ್ಮ ಕಾಕಾನ ಚಪ್ಪಲಿ ಗೂಡನ್ನು ಜೋಡಿಸಿದೆ. ಕಾಕಾ ದುಡಿಯಲು ಪುಣೆಗೆ ಹೋಗಿ ಬಹಳ ದಿನ ಆಗಿತ್ತು. ನೋಡಿದವರ ಕಣ್ಣು ಒದ್ದೆಯಾಯಿತು.

ಬೇಕಾದ ಸದ್ದು ಶಾಟಿನಲ್ಲಿ ಸಿಗದಿದ್ದರೆ ಆಮೇಲೆ ಮಾಡಿಕೊಳ್ಳಬಹುದು. ಹಾಲಿವುಡ್ಡಿನಲ್ಲಿ ಜ್ಯಾಕ್ ಫೋಲಿ ಅನ್ನುವವರು ಈ ಕೆಲಸದಲ್ಲಿ ಎಷ್ಟು ಪಳಗಿದ್ದರೆಂದರೆ, ಈ ಕಲೆಗೆ ಅವರ ಹೆಸರೇ ಬಂತು. ನಮ್ಮ ಅಡುಗೆಮನೆಯೇ ಇದಕ್ಕೆ ಸಾಕು. ಮೊರದಲ್ಲಿ ಒಂದು ಹಿಡಿ ತೊಗರಿ ಹಾಕಿ ನಿಧಾನಕ್ಕೆ ಓರೆ ಮಾಡುತ್ತಾ ಹೋದರೆ ತಗಡಿನ ಮೇಲೆ ಮಳೆ. ಒಣ ಜೋಳದ ದಂಟು ತುಳಿದರೆ ಸುಗ್ಗಿಯ ಹೊಲದಲ್ಲಿ ನಡೆಯುವ ಕಾಲು. ಮೈಕು ಒಂದು ಗೇಣು ದೂರದಲ್ಲಿರಲಿ, ಸುತ್ತಲೂ ಕೌದಿ ಇರಲಿ.

ಎಡಿಟಿಂಗ್ ಮುಗಿದ ಮೇಲೆ ಒಂದು ಸಲ ಕಣ್ಣು ಮುಚ್ಚಿ ಇಡೀ ಚಿತ್ರ ಕೇಳಿ. ಎಲ್ಲಿ ಕಣ್ಣು ತೆರೆಯಬೇಕು ಅನಿಸುತ್ತದೋ ಅಲ್ಲಿ ಸದ್ದು ಕೆಟ್ಟಿದೆ. ಆಮೇಲೆ ಚಿತ್ರದಲ್ಲಿ ತೋರಿಸಿದ ಕೆಲಸ ಬಲ್ಲವರಿಗೆ ಕೇಳಿಸಿ. ನಮ್ಮ ಚಿತ್ರದಲ್ಲಿ ಮೂರನೇ ರೊಟ್ಟಿಯ ಶಾಟಿಗೆ ಓಣಿಯಲ್ಲಿ ಹೋದ ಟ್ರ್ಯಾಕ್ಟರ್ ಸದ್ದು ಸೇರಿತ್ತು. ಅದನ್ನು ಅಳಿಸಿ, ಬರೀ ಹಲಗೆ ಮೇಲೆ ನಾನೇ ಕೈ ಬಡಿದು ಸದ್ದು ಕೂರಿಸಿದ್ದೆ. ನನಗೆ, ಎಡಿಟ್ ಮಾಡಿದ ಗೆಳೆಯನಿಗೆ, ಇಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಯಿಗೆ ಕಣ್ಣು ಮಂಜು, ಪರದೆ ಸರಿಯಾಗಿ ಕಾಣುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ ಕೂತಿದ್ದವಳು ಮೂರನೇ ರೊಟ್ಟಿಗೆ ಕೈ ಎತ್ತಿ ತಡೆದಳು.

"ತಮ್ಮಾ, ಇದ್ರಾಗ ಹಿಟ್ಟೇ ಇಲ್ಲಲ್ಲೋ. ಬರೀ ಕಟ್ಟಿಗಿ ಬಡದಂಗ ಕೇಳ್ತದ."

ಮರುದಿನ ಬೆಳಿಗ್ಗೆ ಐದೂವರೆಗೆ ಮತ್ತೆ ನಾಲ್ಕೂ ಕೌದಿ ಕಟ್ಟಿದೆವು. ಆಯಿ ಆಗಲೇ ಹಿಟ್ಟು ನಾದಿಟ್ಟಿದ್ದಳು.