ಆನ್‌ಲೈನ್ ಕುರ್‌ಆನ್ ಪಾಠ: ಮಕ್ಕಳ ಹುಮ್ಮಸ್ಸು ಉಳಿಸುವುದು ಹೇಗೆ?

ಊರಿನ ಮದ್ರಸದಲ್ಲಿ ಪಕ್ಕದಲ್ಲಿ ಕೂತವರ ಓದು ಕೇಳಿಯೇ ಮಕ್ಕಳು ಅರ್ಧ ಕಲಿತುಬಿಡುತ್ತಾರೆ. ದುಬೈನ ಫ್ಲ್ಯಾಟಿನಲ್ಲಿ ಟ್ಯಾಬ್ ಮುಂದೆ ಒಬ್ಬಂಟಿಯಾಗಿ ಕೂತ ಮಗುವಿಗೆ ಆ ಜೊತೆ ಇಲ್ಲ. 'ಇವತ್ತು ಪಾಠ ಬೇಡ' ಎಂದು ಮಗು ಹಟ ಹಿಡಿದರೆ ಸೋಮಾರಿತನ ಎನ್ನಬೇಡಿ. ಆ ಜೊತೆಯನ್ನು ಮನೆಯವರೇ ಕೊಡಬೇಕು.

ಮೊದಲು ಹೊತ್ತು ಗೊತ್ತುಮಾಡಿ. ಯುಎಇ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿನ ಉಸ್ತಾದರು (ಕುರ್‌ಆನ್ ಕಲಿಸುವ ಗುರುಗಳು) ಸಂಜೆ 7ಕ್ಕೆ ಪಾಠ ಇಟ್ಟರೆ ಅಲ್ಲಿ 5.30, ಅಂದರೆ ಆಟದ ಹೊತ್ತು. ಆಟ ಕಸಿದುಕೊಳ್ಳುವ ಪಾಠ ಯಾವ ಮಗುವಿಗೂ ಬೇಡ. ಉಸ್ತಾದರೊಂದಿಗೆ ಮಾತಾಡಿ ಬದಲಿಸಿಕೊಳ್ಳಿ. ಚಿಕ್ಕವರಿಗೆ 20 ನಿಮಿಷ ಸಾಕು.

ಆಮೇಲೆ ಧ್ವನಿ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅರಬಿ ಅಕ್ಷರಗಳಾದ ಸೀನ್ ಮತ್ತು ಸ್ವಾದ್, ಕಾಫ್ ಮತ್ತು ಖಾಫ್ ನಡುವಿನ ವ್ಯತ್ಯಾಸ ಬಹಳ ಸೂಕ್ಷ್ಮ. ಗದ್ದಲ ತಗ್ಗಿಸಲೆಂದು ಆ್ಯಪ್‌ಗಳಲ್ಲಿರುವ ಸೌಲಭ್ಯ ಕೆಲವೊಮ್ಮೆ ಇಂಥ ಉಚ್ಚಾರವನ್ನೂ ಅಳಿಸಿಬಿಡುತ್ತದೆ. ಮಗು ಸರಿಯಾಗಿ ಓದಿದರೂ ಉಸ್ತಾದರಿಗೆ ತಪ್ಪು ಕೇಳಿಸುತ್ತದೆ. ಅದೇ ಆಯತ್ (ವಚನ) ಮತ್ತೆ ಮತ್ತೆ ಓದಿಸಿದಾಗ ಮಗು ಸೊರಗುತ್ತದೆ. ಮೈಕ್ ಇರುವ ಹೆಡ್‌ಫೋನ್ ಕೊಡಿ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿ ನೋಡಿ. ಮಗುವಿನ ಸುರಕ್ಷತೆಗಾಗಿ ಬಾಗಿಲು ತೆರೆದಿರಲಿ, ನೀವು ಕಣ್ಣಳತೆಯಲ್ಲೇ ಇರಿ.

ಪಾಠ ಚಿಕ್ಕದಿರಲಿ. ಕುರ್‌ಆನಿನ ಕೊನೆಯ ಜುಝ್‌ನಲ್ಲಿ (ಭಾಗದಲ್ಲಿ) 37 ಸೂರಾಗಳಿವೆ, ಅಂದರೆ ಅಧ್ಯಾಯಗಳು. ಅಲ್ ಕೌಸರ್‌ಗೆ ಮೂರೇ ಆಯತ್. ಒಂದು ಪೂರ್ತಿ ಸೂರಾ ಬಾಯಿಗೆ ಬಂತೆಂಬ ಖುಷಿ ಮುಂದಿನದಕ್ಕೆ ಕರೆದೊಯ್ಯುತ್ತದೆ. ಅಲ್ ಫೀಲ್ ಕಲಿಯುವ ವಾರ, ಆನೆಗಳೊಂದಿಗೆ ಕಾಬಾದ ಮೇಲೆ ದಂಡೆತ್ತಿ ಬಂದ ಅಬ್ರಹನ ಕಥೆಯನ್ನು ಮಲಗುವ ಮುಂಚೆ ಹೇಳಿ. ಅರ್ಥ ಗೊತ್ತಾದ ಸೂರಾ ಬೇಗ ಮರೆಯುವುದಿಲ್ಲ.

ಪಾಠ ಮುಗಿದ ಮೇಲೆ ಕೇಳುವವರು ಬೇಕು. ಊರಲ್ಲಿರುವ ಅಜ್ಜಿಗೆ ವಿಡಿಯೊ ಕಾಲ್ ಮಾಡಿ ಓದಿಸಿ. ಕಲಿತ ಸೂರಾವನ್ನು ನಮಾಝಿನಲ್ಲಿ ಓದಲು ಹೇಳಿ. ಈಜಿಪ್ಟಿನ ಖಾರಿ (ಕುರ್‌ಆನ್ ಪಾರಾಯಣ ಮಾಡುವವರು) ಮಿನ್‌ಶಾವಿ ಓದಿ, ಮಕ್ಕಳು ಅದನ್ನು ಮರು ಹೇಳುವ ಧ್ವನಿಮುದ್ರಣಗಳಿವೆ. ಕಾರಿನಲ್ಲಿ ಹಾಕಿದರೆ ಓರಗೆಯ ದನಿಗಳು ಸಿಕ್ಕಂತಾಗುತ್ತದೆ. ಪ್ರತಿ ಪಾಠಕ್ಕೂ ದುಡ್ಡಿನ ಆಸೆ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ದುಡ್ಡು ನಿಂತ ದಿನ ಓದೂ ನಿಲ್ಲುತ್ತದೆ.

ತಡವರಿಸುವ ಮಗುವಿಗೆ, ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲವಿದೆ ಎಂಬ ಹದೀಸ್ (ಪ್ರವಾದಿಯವರ ಮಾತು) ತಿಳಿಸಿ. ತೀರಾ ಬೇಸತ್ತಿದ್ದರೆ ಉಸ್ತಾದರನ್ನು ಕೇಳಿ ಒಂದು ವಾರ ಹೊಸ ಪಾಠ ನಿಲ್ಲಿಸಿ. ಈಗಾಗಲೇ ಬಾಯಿಗೆ ಬರುವ ಸೂರಾಗಳನ್ನಷ್ಟೇ ಓದಲಿ.