ಮಂಡಿ ಸೆನ್ಸರ್ ಕಟ್ಟುವ ಜಾಗಕ್ಕೆ ಪೆನ್ನಿನ ಗೆರೆ

ಮಂಡಿ ಆಪರೇಷನ್ ಆದಮೇಲೆ ಮನೆಯಲ್ಲೇ, ಮಂಡಿ ಎಷ್ಟು ಮಡಚಿತು ಎಂದು ತೋರಿಸುವ ಸೆನ್ಸರ್ ಪಟ್ಟಿಗಳನ್ನು (ತೊಡೆಗೊಂದು, ಕೆಳಗಾಲಿಗೊಂದು) ಕಟ್ಟಿಕೊಂಡು ವ್ಯಾಯಾಮ ಮಾಡುವವರಿಗೆ ಒಂದು ಸಲಹೆ. ಪಟ್ಟಿಯ ಅಂಚು ಬರುವ ಕಡೆ ಚರ್ಮದ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದುಕೊಳ್ಳಿ, ಮರುದಿನವೂ ಅದೇ ಗೆರೆಗೆ ಕಟ್ಟಿ. ಹೊಲಿಗೆ ಹಾಕಿದ ಜಾಗದಿಂದ ಮಾತ್ರ ದೂರ ಇರಲಿ. ಕೆಳಗಿನ ಸೆನ್ಸರ್ ಮೀನಖಂಡದ ಮೇಲೆ ಬೇಡ, ಕಾಲಿನ ಮುಂದಿನ ಮೂಳೆಯ ಒಳಬದಿಯ ಚಪ್ಪಟೆ ಜಾಗದಲ್ಲಿ ಕೂರಲಿ. ಸೆನ್ಸರ್ ನೇರವಾಗಿ ಮಂಡಿಯನ್ನು ಅಳೆಯುವುದಿಲ್ಲ. ತೊಡೆಯ ಓರೆ ಎಷ್ಟು, ಕೆಳಗಾಲಿನ ಓರೆ ಎಷ್ಟು ಎಂದು ನೋಡಿ, ಅವೆರಡರ ವ್ಯತ್ಯಾಸದಿಂದ ಮಂಡಿ ಮಡಚಿದ ಕೋನ ಹೇಳುತ್ತದೆ. ಮಾಂಸದ ಮೇಲೆ ಕಟ್ಟಿದರೆ ಮಾಂಸ ಅಲುಗಿದ್ದೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೊಂದು ಕಡೆ ಕಟ್ಟಿದರೆ ನಿನ್ನೆಯ 80 ಡಿಗ್ರಿಗೂ ಇವತ್ತಿನ 85ಕ್ಕೂ ಹೋಲಿಕೆಯೇ ಇರುವುದಿಲ್ಲ, ಸುಮ್ನೆ ಖುಷಿಯೋ ಬೇಜಾರೋ ಆಗುತ್ತದೆ ಅಷ್ಟೇ. ಊತ ಜಾಸ್ತಿ ಇರುವ ಮೊದಲ ದಿನಗಳಲ್ಲಿ ಗೆರೆ ಇದ್ದರೂ ಪಟ್ಟಿ ಜಾರುತ್ತದೆ, ಆಗ ಅಂಕಿಯನ್ನು ಪೂರ್ತಿ ನಂಬಬೇಡಿ. ಕೆಲವು ಸೆನ್ಸರ್‌ಗಳು ದಿಕ್ಕು ಹಿಡಿಯಲು ದಿಕ್ಸೂಚಿಯ ಹಾಗೆ ಭೂಮಿಯ ಕಾಂತ ಸೆಳೆತವನ್ನೂ ಬಳಸುತ್ತವೆ, ಹಾಗಾಗಿ ಕಬ್ಬಿಣದ ಮಂಚದ ಮೇಲೆ ತಪ್ಪು ತೋರಿಸಬಹುದು. ನೆಲದ ಮೇಲೆ ಚಾಪೆ ಹಾಸಿಕೊಳ್ಳಿ ಎನ್ನೋಣವೆಂದರೆ ಈ ಮಂಡಿಯಲ್ಲಿ ಕೆಳಗೆ ಕೂತು ಏಳುವುದು ಕಷ್ಟ ಅಲ್ವಾ? ಮರದ ಮಂಚ ಅಥವಾ ದಿವಾನ ಸಾಕು. ಇನ್ನೊಂದು ಮುಖ್ಯ ವಿಷಯ: ಕಾಲು ಪೂರ್ತಿ ನೇರ ಆಗದವರು ಕಾಲು ಚಾಚಿ ಸೆನ್ಸರ್‌ಗೆ ಇದೇ ಸೊನ್ನೆ ಡಿಗ್ರಿ ಎಂದು ಹೊಂದಿಸಿದರೆ, ಬಾಗಿದ ಮಂಡಿಯನ್ನೇ ಯಂತ್ರ ನೇರ ಎಂದುಕೊಳ್ಳುತ್ತದೆ. ಎಷ್ಟು ಡಿಗ್ರಿ ಬಾಗು ಉಳಿದಿದೆ ಎಂದು ಫಿಸಿಯೋ ಹತ್ತಿರ ಒಮ್ಮೆ ಕೋನಮಾಪಕದಲ್ಲಿ ಅಳೆಸಿ ಬರೆದಿಟ್ಟುಕೊಳ್ಳಿ.