ಪ್ರೆಸ್ ಇಲ್ಲದೆ ಲೋಯರ್ ಆರ್ಮ್ ಬುಷ್ ಹಾಕಿದ್ದು: ನನ್ನ ಅನುಭವ

“ಪ್ರೆಸ್ ಇಲ್ಲದೆ ಬುಷ್ ಕೂರಿಸ್ತೀಯಾ? ಆರ್ಮೇ ಹಾಳಾಗುತ್ತೆ ನೋಡು” ಅಂದಿದ್ದರು ನಮ್ಮ ಭಾವ. ಇಬ್ಬರು ಮೆಕ್ಯಾನಿಕ್‌ಗಳೂ ಅದನ್ನೇ ಹೇಳಿದ್ದರು. ಲೋಯರ್ ಆರ್ಮ್ ಅಂದರೆ ಚಕ್ರವನ್ನು ಸಬ್‌ಫ್ರೇಮ್ ಅನ್ನೋ ಚೌಕಟ್ಟಿಗೆ ಹಿಡಿದಿಡೋ ತೋಳು. ಬುಷ್ ಅಂದರೆ ಅದರ ಕೀಲಿನಲ್ಲಿ ಬಿಗಿಯಾಗಿ ಕೂರೋ ತುಂಡು, ಒಳಗೊಂದು ಹೊರಗೊಂದು ಕೊಳವೆ, ಮಧ್ಯೆ ರಬ್ಬರ್. ಅದನ್ನು ಒತ್ತಿ ಕೂರಿಸೋ ಯಂತ್ರವೇ ಪ್ರೆಸ್. ಈಗಿರೋ ಜೋಡಿ ಹಾಕಿ ಎರಡು ವರ್ಷ ಆಗುತ್ತಾ ಬಂತು. ಹೆಚ್ಚುಕಡಿಮೆ 25 ಸಾವಿರ ಕಿಲೋಮೀಟರ್ ಓಡಿದೆ. ಸದ್ದೇ ಇಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರು ಚಿಕ್ಕ ಹ್ಯಾಚ್‌ಬ್ಯಾಕ್. ಬ್ರೇಕ್ ಒತ್ತಿದಾಗ ಮುಂದೆ ಎಡಗಡೆ ‘ಧಡ್’ ಅಂತ ಒಂದೇ ಏಟು. ರಿವರ್ಸ್ ಹೋಗಿ ಬ್ರೇಕ್ ಹಿಡಿದರೆ ಇನ್ನೊಂದು. ಮೊದಲು ಸ್ಟೆಬಿಲೈಸರ್ ಲಿಂಕ್ ಬದಲಾಯಿಸಿದೆ, ದುಡ್ಡು ದಂಡ. ಆಮೇಲೆ ಸ್ಟ್ರಟ್ ಮೌಂಟ್ ಮೇಲೆ ಅನುಮಾನ ಬಂತು. ಬಿಚ್ಚಿ ನೋಡಿದರೆ ಅದು ಚೆನ್ನಾಗಿಯೇ ಇತ್ತು. ಕೊನೆಗೆ ಉದ್ದನೆಯ ಪ್ರೈ ಬಾರ್ ತಗೊಂಡು ಆರ್ಮ್‌ಗೂ ಸಬ್‌ಫ್ರೇಮ್‌ಗೂ ಮಧ್ಯೆ ಮೀಟಿದೆ. ಆರ್ಮ್‌ನ ಹಿಂಬದಿಯ ಬುಷ್ ಬಾಯಿ ಬಿಟ್ಟಿತು. ರಬ್ಬರ್ ಅರ್ಧ ಸುತ್ತು ಸೀಳಿತ್ತು, ಒಳಗಿನ ಕೊಳವೆ ಬೀಳೋ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಟೈರಿನ ಒಳಗಿನ ಅಂಚು ಯಾಕೆ ಸವೆಯುತ್ತಿದೆ ಅನ್ನೋದೂ ಆಗಲೇ ಗೊತ್ತಾಯಿತು.

ಗ್ಯಾರೇಜಿನಲ್ಲಿ ಪೂರ್ತಿ ಆರ್ಮ್ ಹಾಕಿಸಿ ಅಂದರು. ಎರಡು ಬುಷ್ ಸೇರಿದರೂ ಆರ್ಮ್ ಬೆಲೆಯ ಐದನೇ ಒಂದು ಭಾಗ ಆಗಲ್ಲ. ಬಾಲ್ ಜಾಯಿಂಟ್ (ಆರ್ಮ್‌ನ ಚಕ್ರದ ಕಡೆಯ ಕೀಲು) ಬೇರೆ ಗಟ್ಟಿಯಾಗಿತ್ತು. ಚೆನ್ನಾಗಿರೋ ಆರ್ಮ್ ಯಾಕೆ ಎಸೀಬೇಕು, ಅಲ್ವಾ?

ಮೊದಲ ಸಲದ ಕಥೆ ಕೇಳಿ. ಹಳೇ ರಬ್ಬರನ್ನು ಸುಟ್ಟು ತೆಗೆಯೋಣ ಅಂತ ಬೆಂಕಿ ಹಿಡಿದೆ. ಕಪ್ಪು ಹೊಗೆ, ಎರಡು ದಿನ ಮೂಗಿನಲ್ಲಿ ಅದೇ ವಾಸನೆ, ಮನೆಯಲ್ಲಿ ಬೈಗುಳ. ಆ ಹೊಗೆ ಒಳ್ಳೆಯದಲ್ಲ, ಸುಡಬೇಡಿ. ಹೊಸ ಬುಷ್ ಅನ್ನು ಸುತ್ತಿಗೆಯಲ್ಲಿ ಹೊಡೆದೆ. ನಾಲ್ಕನೇ ಏಟಿಗೆ ಅದರ ಅಂಚು ಒಳಕ್ಕೆ ಮಡಚಿಕೊಂಡು ನೇರ ಕಸಕ್ಕೆ ಹೋಯಿತು. ಆಮೇಲೆ ನಟ್ ಬಿಗಿದು ಬುಷ್ ಅನ್ನು ಒಳಕ್ಕೆ ಎಳೆಯೋಣ ಅಂತ ಥ್ರೆಡ್ ರಾಡ್ (ಉದ್ದಕ್ಕೂ ಥ್ರೆಡ್ ಇರೋ ಕಂಬಿ) ತಂದೆ, ಅದೂ ಅಗ್ಗದ್ದು. ಅರ್ಧ ದಾರಿಯಲ್ಲಿ ನಟ್ ಸುಮ್ನೆ ತಿರುಗತೊಡಗಿತು, ಥ್ರೆಡ್ ಎಲ್ಲಾ ಸುರುಳಿ ಸುರುಳಿಯಾಗಿ ಕಿತ್ತು ಬಂದಿತ್ತು. ಅಲ್ಲಿಗೆ ಬುಷ್ ಉಳಿಸಿದ ದುಡ್ಡಿನಲ್ಲಿ ಅರ್ಧ ಹೋಗಿತ್ತು.

ಈಗಿರೋದು 10.9 ಗ್ರೇಡಿನ, ಅಂದರೆ ಗಟ್ಟಿ ಉಕ್ಕಿನ, 14 ಎಂಎಂ ರಾಡ್. ಒಂದು ಕಡೆ ಬುಷ್ ಹೊರಗಿನ ಕೊಳವೆಗಿಂತ ಕೂದಲಷ್ಟು ಚಿಕ್ಕ ಸಾಕೆಟ್, ಇನ್ನೊಂದು ಕಡೆ ಇಡೀ ಬುಷ್ ತನ್ನೊಳಗೆ ಇಳಿಯುವಷ್ಟು ಅಗಲದ ಪೈಪಿನ ತುಂಡು, ಎರಡಕ್ಕೂ ದಪ್ಪ ವಾಷರ್. ನಟ್ ಕೆಳಗೆ ಹಳೇ ಥ್ರಸ್ಟ್ ಬೇರಿಂಗ್ ಒಂದನ್ನು ಇಟ್ಟೆ. ಪಾನಾ ತಿರುಗಿಸೋ ಶ್ರಮ ಅರ್ಧ ಆಯಿತು. ಈ ಐಡಿಯಾ ಮಾತ್ರ ನನ್ನದೇ ಅಂತ ಹೆಮ್ಮೆಯಿಂದ ಹೇಳಿಕೊಳ್ತೇನೆ.

ಹಳೇದು ಜಗ್ಗದಿದ್ದರೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಹೊರಗಿನ ಕೊಳವೆಯನ್ನು ಉದ್ದಕ್ಕೆ ಕೊಯ್ಯಿರಿ. ಮೊದಲು ಹೊಳೆಯೋ ಪುಡಿ ಬೀಳುತ್ತೆ. ಕಂದು ಪುಡಿ ಬಂತು ಅಂದರೆ ಕೊಳವೆ ಮುಗಿದು ತುಕ್ಕು ಸಿಕ್ಕಿದೆ ಅಂತ ಲೆಕ್ಕ. ಅಲ್ಲಿಗೇ ನಿಲ್ಲಿಸಿ, ಇಲ್ಲದಿದ್ದರೆ ಆರ್ಮೇ ಕೊಯ್ದೀರಿ. ರಬ್ಬರಿಗೆ ತಾಗುವ ಕಡೆ ಗ್ರೀಸ್ ಬೇಡ, ಸೋಪಿನ ನೀರು ಸಾಕು. ಹೊಸ ಬುಷ್ ಮೊದಲ ಎರಡು ಎಂಎಂ ನೇರ ಇಳಿದರೆ ಉಳಿದದ್ದು ತಾನಾಗಿ ಹೋಗುತ್ತೆ. ಆ ಎರಡು ಎಂಎಂಗೆ ನನ್ನದೊಂದು ಚಾಲಾಕಿ ಇದೆ. ಅದು ನನ್ನ ಹತ್ರಾನೇ ಇರಲಿ.

ಫ್ರೀಜರ್ ಪ್ರಯೋಗವನ್ನೂ ಮಾಡಿದೆ. ಒಂದು ಬುಷ್ ರಾತ್ರಿಯಿಡೀ ಒಳಗೆ, ಇನ್ನೊಂದು ಹೊರಗೆ. 40 ಎಂಎಂ ಉಕ್ಕು 40 ಡಿಗ್ರಿ ತಣ್ಣಗಾದರೆ ಕುಗ್ಗೋದು 0.02 ಎಂಎಂ ಅಷ್ಟೇ. ಕೈಗೆ ಸ್ವಲ್ಪ ಹಗುರ ಅನಿಸಿತು, ಮನಸ್ಸಿನ ಭ್ರಮೆಯೂ ಇರಬಹುದು. ಒಮ್ಮೆ ಪಾಲಿಯುರೆಥೇನ್ ಬುಷ್ ಹಾಕಿಯೂ ನೋಡಿದೆ. ಸ್ಟೀರಿಂಗ್ ಚುರುಕಾಯಿತು, ನಿಜ. ಆದರೆ ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ಬರುತ್ತಿತ್ತು, ಮೂರ್ನಾಲ್ಕು ತಿಂಗಳಿಗೆ ಕಿರುಗುಟ್ಟತೊಡಗಿತು. ಕಿತ್ತು ಹಾಕಿದೆ.

ಅಸಲಿ ವಿಷಯ ಇನ್ನು ಮುಂದಿದೆ. ಗಟ್ಟಿ ರಾಡ್ ತಂದು ಸರಿಯಾಗಿ ಕೂರಿಸಿದ ಮೊದಲ ಜೋಡಿಯೂ ಎಂಟು ತಿಂಗಳಿಗೆ ಸೀಳಿತು. ಭಾವ ನಕ್ಕಿದ್ದೇ ನಕ್ಕಿದ್ದು. ನಾನು ಮಾಲು ಸರಿಯಿಲ್ಲ ಅಂತ ಬೈದೆ. ತಪ್ಪು ನನ್ನದೇ. ಚಕ್ರ ನೇತಾಡುತ್ತಿರುವಾಗಲೇ ಬುಷ್‌ನ ಬೋಲ್ಟ್ ಬಿಗಿ ಮಾಡಿದ್ದೆ. ಈ ಬುಷ್‌ನಲ್ಲಿ ಏನೂ ಜಾರಲ್ಲ, ರಬ್ಬರೇ ತಿರುಚಿಕೊಳ್ಳಬೇಕು. ನೇತಾಡುವಾಗ ಬಿಗಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದಲೇ ಅದು ಹಿಂಡಿದ ಬಟ್ಟೆಯ ಹಾಗೆ ಕೂತಿರುತ್ತೆ. ಗುಂಡಿ ಸಿಕ್ಕರೆ ಇನ್ನೂ ಜಾಸ್ತಿ ತಿರುಚುತ್ತೆ.

ಎರಡನೇ ಸಲ ಕಾರು ಎತ್ತೋ ಮೊದಲೇ ಚಕ್ರದ ಹಬ್ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದಿಟ್ಟೆ. ನೆನಪಿನ ಪ್ರಕಾರ 36 ಸೆಂಟಿಮೀಟರ್. ಬೋಲ್ಟ್‌ಗಳನ್ನು ಬೆರಳಲ್ಲಿ ಹಾಕಿಟ್ಟು, ಬಾಲ್ ಜಾಯಿಂಟ್ ಪಕ್ಕ ಆರ್ಮ್ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಅದೇ 36 ಬರುವವರೆಗೆ ಎತ್ತಿದೆ. ಕಾರು ಸ್ಟ್ಯಾಂಡಿನಿಂದ ಒಂದು ಕಾಗದದಷ್ಟು ಎದ್ದಿತು. ಸ್ಟ್ಯಾಂಡ್ ಮಾತ್ರ ತೆಗೆಯಬೇಡಿ. ಆಗ ಟಾರ್ಕ್ ರೆಂಚ್ ಹಿಡಿದು ಬಿಗಿದೆ. ಮರುದಿನವೇ ಅಲೈನ್‌ಮೆಂಟ್ ಮಾಡಿಸಿದೆ. ಟೋ, ಅಂದರೆ ಚಕ್ರಗಳ ಮುಂಭಾಗ, ತುಂಬಾ ಹೊರಗೆ ಹೋಗಿತ್ತು.

ಮೊನ್ನೆ ಭಾವನ ಕಾರಲ್ಲಿ ಕೂತಿದ್ದೆ. ಬ್ರೇಕ್ ಹಿಡಿದಾಗ ಅದೇ ‘ಧಡ್’. ನಾನೇನೂ ಕೇಳಲಿಲ್ಲ. ಮನೆ ಹತ್ತಿರ ಬಂದಾಗ ಅವರೇ ಮೆಲ್ಲಗೆ, “ಆ ರಾಡ್ ಇನ್ನೂ ಇದೆಯಾ?” ಅಂದರು.